ನನ್ನ ಹೆಸರಲ್ಲಿ ತಂಗಿ ಗೆದ್ದ ಆಟ

ಗೆದ್ದವಳು ನನ್ನ ತಂಗಿ ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಗುಬ್ಬಿಯ ನಮ್ಮ ಹೆಂಚಿನ ಮನೆ ತೆಗೆಸಿ, ಮೋಲ್ಡ್ ಹಾಕಿಸಿ, ಹಾಲು ಉಕ್ಕಿಸಿದ ದಿನ ಅಪ್ಪ ನೆಂಟರೆಲ್ಲರ ಮುಂದೆ ನನಗೆ ಶಾಲು ಹೊದಿಸಿದ. "ನನ್ ಮಗ ಕಂಪ್ಯೂಟರ್‌ನಲ್ಲಿ ಎಲೆ ಆಡಿ ಅಮೆರಿಕದೋರನ್ನ ಸೋಲ್ಸವ್ನೆ" ಅಂದ. ನಾನು ತಲೆ ಬಗ್ಗಿಸಿ ಹೊದಿಸಿಕೊಂಡೆ. ಎಷ್ಟು ವಿನಯ ನೋಡು ಹುಡುಗನಿಗೆ ಅಂತ ಯಾರೋ ಅಂದರು. ತಂಗಿ ಪಾಯಸದ ಬಕೆಟ್ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

ಇಸ್ಪೀಟಿನಲ್ಲಿ ಗೆದ್ದವನಿಗೆ ಶಾಲು ಹೊದಿಸುವುದು ಏನು ಮರ್ಯಾದೆ ಅಂತ ಬೇರೆ ಕಡೆಯವರಿಗೆ ಅನ್ನಿಸಬಹುದು. ನಮ್ಮ ಕಡೆ ಯುಗಾದಿಯ ಮಾರನೇ ದಿನ ವರ್ಷತೊಡಕು. ಆ ದಿನ ಏನು ಮಾಡುತ್ತೇವೋ ಅದೇ ವರ್ಷವೆಲ್ಲ ನಡೆಯುತ್ತದೆ ಅನ್ನುವ ನಂಬಿಕೆ. ಅದಕ್ಕೇ ಬೆಳಗ್ಗೆ ಬಾಡೂಟ, ಆಮೇಲೆ ಜಗಲಿಯ ಮೇಲೆ ಚಾಪೆ ಹಾಸಿ ಎಲೆ ಆಟ. ಅಪ್ಪ, ಮಗ, ಅಳಿಯ, ಬೀಗರು ಎಲ್ಲರೂ ಒಂದೇ ಚಾಪೆ. ಗೆದ್ದ ಗಂಡಸಿಗೆ ಆ ವರ್ಷ ಊರಲ್ಲಿ ಒಂದು ತೂಕ ಜಾಸ್ತಿ. ಹೆಂಗಸರು ಮಾತ್ರ ಎಲೆ ಮುಟ್ಟುವ ಹಾಗಿಲ್ಲ.

ತೊಂಬತ್ತರ ದಶಕದಲ್ಲಿ ನಾವೆಲ್ಲ ಹಬ್ಬಕ್ಕೆ ಕುಣಿಗಲ್ ಹತ್ತಿರದ ಊರಿನಲ್ಲಿರುವ ದೊಡ್ಡಪ್ಪನ ಮನೆಗೆ ಹೋಗುತ್ತಿದ್ದೆವು. ಅಲ್ಲಿ ಅಂದರ್-ಬಾಹರ್ ನಡೆಯುತ್ತಿತ್ತು. ನಡುವೆ ಒಂದು ಎಲೆ ಇಟ್ಟು, ಅದರ ಜೋಡಿ ಎಡಕ್ಕೆ ಬೀಳುತ್ತೋ ಬಲಕ್ಕೆ ಬೀಳುತ್ತೋ ಅಂತ ಕಾಯುವ ಆಟ. ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನನ್ನ ಬೆನ್ನಿಗೆ ಒರಗಿ ಕೂತು, ಹೋಳಿಗೆ ತಿನ್ನುತ್ತ, ನನ್ನ ಕಿವಿಯಲ್ಲಿ "ಅಣ್ಣ, ರಾಣಿ ಮೂರು ಬಿದ್ದೋದ್ವು" ಅನ್ನುತ್ತಿದ್ದಳು. ನಾನು "ಸುಮ್ಕಿರೇ" ಅಂತ ಗದರುತ್ತಿದ್ದೆ. ಗದರಿ ಸೋಲುತ್ತಿದ್ದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ತುಮಕೂರಿಗೆ ಬಂದು ವೆಲ್ಡಿಂಗ್ ಕಲಿತು ಅಲ್ಲಿನ ಶೆಟ್ಟಿಹಳ್ಳಿಯಲ್ಲಿ ಸ್ವಂತ ಶಾಪ್ ಇಟ್ಟೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾದ ಮೇಲೆ ತಂಗಿ ಬಿ.ಕಾಂ. ಓದಲು ಬಂದು ನನ್ನ ಬಾಡಿಗೆ ಮನೆಯಲ್ಲೇ ಇದ್ದಳು. ನಮ್ಮ ಬೀದಿಯ ಬ್ರೌಸಿಂಗ್ ಸೆಂಟರಿನ ಷಟರ್‌ಗೆ ನಾನು ಕಾಸಿಲ್ಲದೆ ವೆಲ್ಡಿಂಗ್ ಮಾಡಿಕೊಟ್ಟಿದ್ದೆ. ಆ ಋಣಕ್ಕೆ ಸೆಂಟರಿನ ಯಜಮಾನ ತಂಗಿಗೆ ಬೆಳಗ್ಗೆ ಬೇಗ ಬಾಗಿಲು ತೆಗೆದು ಕೊಡುತ್ತಿದ್ದ. ಪ್ರಾಜೆಕ್ಟ್ ವರ್ಕ್ ಅಂತ ಹೋದವಳು ಅಲ್ಲೇ ಪೋಕರ್ ಕಲಿತಳು.

ಮೊದಲ ದಿನ ನನಗೆ ತೋರಿಸಿದಾಗ ನಾನು ನಕ್ಕಿದ್ದೆ. "ಇದೂ ಜೂಜೇ ಅಲ್ವೇನೇ?"

"ಅಂದರ್-ಬಾಹರ್‌ನಲ್ಲಿ ನಾನು ಮಾಡಕ್ಕೆ ಏನೈತೆ ಹೇಳು? ಎಲೆ ಬೀಳದನ್ನ ನೋಡ್ತಾ ಕೂರಬೇಕು. ಇಲ್ಲಿ ಕೈಲಿ ಎರಡು ಎಲೆ, ನಡುವೆ ಎಲ್ರಿಗೂ ಸೇರಿದ ಐದು ಎಲೆ. ಚೆನ್ನಾಗಿಲ್ಲ ಅಂದ್ರೆ ಬಿಸಾಕಿ ಸುಮ್ನೆ ಕೂತ್ಕೋಬಹುದು. ಸುಮ್ನೆ ಕೂರಕ್ಕೆ ಬರಲ್ಲ ಅಲ್ಲಿರೋ ಗಂಡಸರಿಗೆ."

ಆಟ ಆರಿಸುವುದೇ ಅರ್ಧ ಆಟ ಅನ್ನುತ್ತಿದ್ದಳು. ಅದೇ ಸೈಟಿನಲ್ಲಿ ತಿರುಗುವ ಚಕ್ರವಿತ್ತು, ಮಿನುಗುವ ಹಣ್ಣಿನ ಚಿತ್ರಗಳ ಆಟವಿತ್ತು. ಅತ್ತ ಕಣ್ಣೂ ಹಾಯಿಸಲಿಲ್ಲ. ಪೋಕರಿನಲ್ಲೂ ದೊಡ್ಡ ಟೇಬಲ್ ಬಿಟ್ಟಳು. ಬಸ್ಸಿನಲ್ಲಿ ಸೀಟು ನೋಡುವ ಹಾಗೆ ಒಂದೊಂದೇ ಟೇಬಲ್ ತೆರೆದು, ಯಾರು ಯಾವ ಎಲೆ ಬಂದರೂ ಬಿಡದೆ ದುಡುಕುತ್ತಾರೆ ಅಂತ ನೋಡಿ, ಆಮೇಲೆ ಕೂರುತ್ತಿದ್ದಳು. ಅಮೆರಿಕದಲ್ಲಿ ಸಂಜೆಯಾದಾಗ ನಮಗೆ ಬೆಳಗ್ಗೆ. "ಅವ್ರು ದಿನವೆಲ್ಲ ದುಡಿದು, ಬಿಯರ್ ಕುಡ್ದು ಬಂದಿರ್ತಾರೆ. ನಾನು ಮುಖ ತೊಳ್ಕೊಂಡು, ಕಾಫಿ ಕುಡ್ದು ಬಂದಿರ್ತೀನಿ" ಅಂತ ನಗುತ್ತಿದ್ದಳು.

ಖಾತೆ ಮಾತ್ರ ನನ್ನ ಹೆಸರಲ್ಲಿ. ಅವಳಿಗೆ ಬ್ಯಾಂಕ್ ಖಾತೆಯಿರಲಿಲ್ಲ, ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ. ಒಬ್ಬರ ಹೆಸರಲ್ಲಿ ಇನ್ನೊಬ್ಬರು ಆಡಬಾರದು ಅಂತ ಆ ಉದ್ದನೆಯ ಇಂಗ್ಲಿಷ್ ಪುಟದಲ್ಲಿ ಎಲ್ಲೋ ಇತ್ತಂತೆ. ನಾವಿಬ್ಬರೂ ಅದನ್ನು ಓದದೆ ಒಪ್ಪಿಗೆ ಒತ್ತಿದ್ದೆವು.

ಶಾಪಿಗೆ ಬಂದ ಬ್ಯಾಂಕಿನ ಏಜೆಂಟ್ ಒಬ್ಬ ನನಗೊಂದು ಕ್ರೆಡಿಟ್ ಕಾರ್ಡ್ ಗಂಟು ಹಾಕಿದ್ದ. ಸ್ವಲ್ಪ ಡಿಪಾಸಿಟ್ ಕಟ್ಟೋಣ ಅಂತ ಅದರ ನಂಬರ್ ಒತ್ತಿದೆವು. ಕಂಪ್ಯೂಟರ್ ಒಲ್ಲೆ ಅಂದಿತು. ಇನ್ನೊಮ್ಮೆ ಒತ್ತಿದೆವು, ಮತ್ತೆ ಒಲ್ಲೆ. ಮಧ್ಯಾಹ್ನ ಬ್ಯಾಂಕಿನಿಂದ ಫೋನ್ ಬಂತು. "ಸಾರ್, ಫಾರಿನ್ ಜೂಜಿನ ಸೈಟಿಗೆ ದುಡ್ಡು ಕಳಿಸೋಕೆ ನೋಡಿದ್ರಾ?" ನಾನು ಹೆದರಿ, "ಇಲ್ಲ ಸಾರ್, ವೆಲ್ಡಿಂಗ್ ರಾಡ್ ತರಿಸ್ತಿದ್ದೆ" ಅಂದೆ.

ಅದೇ ವಾರ ಗೇಟ್ ಮಾಡಿಸಲು ಬಂದಿದ್ದ ಒಬ್ಬ ಲಾಯರ್ ಹತ್ತಿರ ಮೆಲ್ಲಗೆ ಕೇಳಿದೆ. ಅವರು ಗೇಟಿನ ಡಿಸೈನ್ ನೋಡುತ್ತಲೇ ಹೇಳಿದರು: "ಬುದ್ಧಿಯ ಆಟಕ್ಕೊಂದು, ಅದೃಷ್ಟದ ಆಟಕ್ಕೊಂದು ಕಾನೂನು. ನಿನ್ ಪೋಕರ್ ಯಾವ ಕಡೆ ಅಂತ ನನ್ನ ಕೇಳಿದ್ರೆ ಬುದ್ಧಿ ಅಂತೀನಿ, ಇನ್‌ಸ್ಪೆಕ್ಟರನ್ನ ಕೇಳಿದ್ರೆ ಲಾಠಿ ಅಂತಾನೆ. ಇಲ್ಲಿಂದ ದುಡ್ಡು ಹೊರದೇಶಕ್ಕೆ ಕಳಿಸೋ ಗೋಜಿಗೇ ಹೋಗ್ಬೇಡ. ಅಲ್ಲಿಂದ ಬಂದ್ರೆ ಬ್ಯಾಂಕಲ್ಲೇ ಹಾಕು, ಟ್ಯಾಕ್ಸ್ ಕಟ್ಟು."

ತಂಗಿ ಡಿಪಾಸಿಟ್ಟಿನ ಆಸೆ ಬಿಟ್ಟಳು. ದುಡ್ಡು ಕಟ್ಟದೆ ಸೇರಬಹುದಾದ ಟೂರ್ನಮೆಂಟುಗಳಿದ್ದವು. ಸಾವಿರಾರು ಜನ ಮುಗಿಬೀಳುವ, ಗೆದ್ದವರಿಗೆ ಚಿಲ್ಲರೆ ಸಿಗುವಂಥವು. ಅದರಲ್ಲೇ ತಿಂಗಳುಗಟ್ಟಲೆ ಆಡಿದಳು. ಗೆದ್ದ ಚಿಲ್ಲರೆ ಕೂಡಿಸಿ ಚಿಕ್ಕ ಟೇಬಲ್, ಅಲ್ಲಿಂದ ಕೊಂಚ ದೊಡ್ಡದು. ನನ್ನ ಜೇಬಿನಿಂದ ಒಂದು ಪೈಸೆಯನ್ನೂ ಆಟಕ್ಕೆ ಮುಟ್ಟಲಿಲ್ಲ. ಕೊನೆಗೆ ಒಂದು ಭಾನುವಾರ ಬೆಳಗ್ಗೆಯ ದೊಡ್ಡ ಟೂರ್ನಮೆಂಟಿಗೆ ಸೇರಿದಳು.

ಆ ಬೆಳಗ್ಗೆ ನಾನು ಇಡ್ಲಿ ಕಟ್ಟಿಸಿಕೊಂಡು ಸೆಂಟರಿಗೆ ಹೋದಾಗ ಕೊನೆಯ ಟೇಬಲ್ಲಿನಲ್ಲಿ ಐದು ಜನ ಉಳಿದಿದ್ದರು. ಅವರಲ್ಲಿ ಇವಳೊಬ್ಬಳು. ಹೋಗಿ ನಿಂತೆ ಅಷ್ಟೇ, ಕರೆಂಟ್ ಹೋಯಿತು. ಯು.ಪಿ.ಎಸ್. ಕೀ ಕೀ ಅನ್ನತೊಡಗಿತು.

"ಎಷ್ಟೊತ್ತು ತಡಿಯುತ್ತೆ?" ಅಂದಳು, ಕಣ್ಣು ತಿರುಗಿಸದೆ.

ಯಜಮಾನ ತಲೆ ಕೆರೆದ. "ಹಳೇ ಬ್ಯಾಟರಿ ಕಣಮ್ಮ. ದೇವರಿಗೇ ಗೊತ್ತು."

ನಾನು ಇಡ್ಲಿ ಅಲ್ಲೇ ಇಟ್ಟು ಓಡಿದೆ. ಶಾಪಿನಲ್ಲಿ ಜನರೇಟರ್ ಇತ್ತು. ತರಕಾರಿಯವನ ತಳ್ಳುಗಾಡಿಯಿಂದ ಟೊಮೇಟೊ ಕೆಳಗಿಳಿಸಿ, ಅದರ ಮೇಲೆ ಜನರೇಟರ್ ಹೇರಿ, ಬೀದಿಯುದ್ದ ತಳ್ಳಿಕೊಂಡು ಬಂದೆ. ತರಕಾರಿಯವನು ಬೈಯುತ್ತ ಹಿಂದೆಯೇ ಬಂದ. ವೈರ್ ಎಳೆದು ಕೊಟ್ಟು ಹಗ್ಗ ಜಗ್ಗಿದೆ. ಯು.ಪಿ.ಎಸ್. ಕೂಗು ನಿಂತಿತು. ಆ ಹಳೇ ಎಂಜಿನ್ ಮಧ್ಯೆ ಮಧ್ಯೆ ಕೆಮ್ಮುತ್ತಿತ್ತು. ಅದು ನಿಲ್ಲದ ಹಾಗೆ ಪಕ್ಕದಲ್ಲೇ ಕೂತು ಚೋಕ್ ಎಳೆಯುತ್ತಿದ್ದೆ, ಒಳಗೆ ಏನಾಯಿತೋ ನೋಡಲಿಲ್ಲ. ಒಮ್ಮೆಲೇ ತಂಗಿ ಚಪ್ಪಲಿಯಿಲ್ಲದೆ ಹೊರಗೆ ಓಡಿಬಂದಳು.

"ಅಣ್ಣಾ! ಗೆದ್ದೆ! ಕೊನೇಲಿ ಉಳಿದೋನಿಗೆ ಸಾಲು ಬಂದಿತ್ತು, ನನಗೆ ಕಲರು. ಎಲ್ಲಾ ಇಟ್ಬುಟ್ಟ ಕಣಣ್ಣ ಅವ್ನು!"

ಅವಳು ಇನ್ನೂ ಏನೇನೋ ಹೇಳಿದಳು. ಜನರೇಟರ್ ಸದ್ದಿನಲ್ಲಿ ನನ್ನ ತಲೆಗೆ ಹೋದದ್ದು ಗೆದ್ದೆ ಅನ್ನುವುದೊಂದೇ. ಬೈಯುತ್ತಿದ್ದ ತರಕಾರಿಯವನೂ ಚಪ್ಪಾಳೆ ತಟ್ಟಿದ. ಅವತ್ತಿನಷ್ಟು ಖುಷಿ ಎಷ್ಟೋ ವರ್ಷದ ಮೇಲಾದ ನನ್ನ ಮದುವೆಯಲ್ಲೂ ಆಗಲಿಲ್ಲ.

ಸಂಜೆ ತಂಗಿ ಒಂದೇ ಮಾತು ಕೇಳಿದಳು. "ದುಡ್ಡು ಬಂದ್ಮೇಲೆ ಮನೆಗೆ ಮೋಲ್ಡ್ ಹಾಕ್ಸಣ. ಆದ್ರೆ ಆಡಿದ್ದು ನಾನು ಅಂತ ನೀನೇ ಅಪ್ಪಂಗೆ ಹೇಳ್ಬೇಕು. ನಾನು ಹೇಳಿದ್ರೆ ನಂಬಲ್ಲ."

"ಹೇಳ್ತೀನಿ ಕಣವ್ವ" ಅಂದೆ.

ಡಾಲರಿನ ಚೆಕ್ ಕೊರಿಯರಿನಲ್ಲಿ ಬಂತು, ನನ್ನ ಹೆಸರಿಗೆ. ಬ್ಯಾಂಕಿನಲ್ಲಿ ಪಾಸಾಗಲು ವಾರಗಳೇ ಹಿಡಿದವು. ಟ್ಯಾಕ್ಸ್ ಕಟ್ಟಿ, ಅಪ್ಪನನ್ನು ಗುಬ್ಬಿಯಿಂದ ಕರೆಸಿ ಪಾಸ್‌ಬುಕ್ ತೋರಿಸಿದೆ. ಅಪ್ಪ ನನ್ನ ಹೆಸರಿನ ಮೇಲೆ ಬೆರಳಿಟ್ಟು ನೋಡಿದ. ಎದ್ದು ಬಂದು ನನ್ನನ್ನು ತಬ್ಬಿಕೊಂಡ. ಶಾಲೆ ಬಿಟ್ಟ ದಿನದಿಂದ ನನ್ನನ್ನು ದಂಡಪಿಂಡ ಅನ್ನುತ್ತಿದ್ದ ಅಪ್ಪ ಅವನು. ಬಾಯಿಗೆ ಬಂದ ಮಾತು ಅಲ್ಲೇ ನಿಂತುಹೋಯಿತು. ಜನರೇಟರ್ ತಂದವನು ನಾನೇ ತಾನೆ, ನನ್ನದೂ ಪಾಲಿದೆ ಅಂತ ನನಗೆ ನಾನೇ ಹೇಳಿಕೊಂಡೆ. ನಾಳೆ ಹೇಳಿದರಾಯಿತು ಅಂತಲೂ ಅಂದುಕೊಂಡೆ. ನಾಳೆಗಳು ಕಳೆದು ಹಾಲುಕ್ಕಿಸುವ ದಿನ ಬಂತು, ಶಾಲು ಬಂತು.

ಶಾಲಿಗಿಂತ ಕೆಟ್ಟದ್ದು ಆಮೇಲೆ ಆಯಿತು. ಊಟ ಮುಗಿಸಿ ಎಲೆಯಡಿಕೆ ಹಾಕುತ್ತ ಅಪ್ಪ ಅಂದ: "ನಿನ್ ತಂಗಿ ದಿನಾ ಬೆಳಗ್ಗೆ ಆ ಸೆಂಟರ್‌ಗೆ ಹೋಗ್ತಾಳಂತೆ. ಹೆಣ್ಣುಡುಗಿಗೆ ಅಲ್ಲೇನು ಕೆಲಸ? ನಿಲ್ಲಿಸು." ನಾನು "ಆಯ್ತಪ್ಪ" ಅಂದೆ. ತಂಗಿಗೆ ಕೇಳಿಸಿತು. ನನ್ನ ಮುಖ ನೋಡಿದಳು, ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಶೆಟ್ಟಿಹಳ್ಳಿಗೆ ವಾಪಸ್ ಬಂದ ಮೇಲೆ ಅವಳು ಸೆಂಟರಿಗೆ ಹೋಗಲಿಲ್ಲ. ಜಗಳವನ್ನೂ ಆಡಲಿಲ್ಲ. ನನ್ನ ಡಬ್ಬಿಗೆ ಮುದ್ದೆ, ಸಾರು ಹಾಕುವುದನ್ನು ಬಿಡಲಿಲ್ಲ. ಮೊದಲೆಲ್ಲ ಕುಕ್ಕರ್ ಕೂಗುವವರೆಗೆ ಒಂದು ಹಳೇ ಇಸ್ಪೀಟ್ ಕಟ್ಟನ್ನು ಕಲೆಸುತ್ತ ಕೂರುತ್ತಿದ್ದಳು. ಈಗ ಸುಮ್ಮನೆ ಕುಕ್ಕರನ್ನೇ ನೋಡುತ್ತಿದ್ದಳು. ಸೆಂಟರಿನ ಯಜಮಾನ ಮಾತ್ರ ಕಂಡಾಗಲೆಲ್ಲ "ಏನ್ ಚಾಂಪಿಯನ್ನು, ಎಲೆ ಎಷ್ಟು ಅಂತಾದ್ರೂ ಗೊತ್ತೇನ್ಲಾ?" ಅಂತ ಚುಚ್ಚುತ್ತಿದ್ದ.

ಮುಂದಿನ ಯುಗಾದಿ ಬಂತು. ವರ್ಷತೊಡಕಿನ ದಿನ ದೊಡ್ಡಪ್ಪನ ಜಗಲಿಯ ಮೇಲೆ ಚಾಪೆ ಬಿತ್ತು. ದೊಡ್ಡಪ್ಪ ನನ್ನ ರಟ್ಟೆ ಹಿಡಿದು ನಡುವೆ ಕೂರಿಸಿದ.

"ಈ ಸಲ ಅಂದರ್-ಬಾಹರ್ ಬ್ಯಾಡ. ಅಮೆರಿಕದ ಆಟ ಕಲಿಸ್ಲಾ."

ದುಡ್ಡು ಬೇಡ, ಹುಣಸೆ ಬೀಜದಲ್ಲಿ ಆಡೋಣ ಅಂತ ನಾನೇ ಅಂದೆ. ಎಲ್ಲರಿಗೂ ಒಂದೊಂದು ಬೊಗಸೆ ಬೀಜ ಹಂಚಿ, ಎರಡೆರಡು ಎಲೆ ಹಾಕಿ, ನಡುವೆ ಐದು ಎಲೆ ಬಿಚ್ಚಿದೆ. ಅಷ್ಟು ನನಗೆ ಗೊತ್ತಿತ್ತು. ದೊಡ್ಡಪ್ಪ ಮತ್ತು ಅಪ್ಪ ಇಬ್ಬರೂ ಬಿಡದೆ ಬೀಜ ಸುರಿದರು. ಕೊನೆಗೆ ಎಲೆ ತೋರಿಸಿದರು. ದೊಡ್ಡಪ್ಪನಿಗೆ ಒಂಬತ್ತರಿಂದ ರಾಜನವರೆಗೆ ಸಾಲು. ಅಪ್ಪನಿಗೆ ಐದೂ ಡೈಮಂಡ್, ಅಂದರೆ ಕಲರ್.

ಯಾರದು ದೊಡ್ಡದು? ನಮ್ಮೂರಲ್ಲಿ ಎಲ್ಲರೂ ಮೂರೆಲೆ ಆಡಿ ಬೆಳೆದವರು. ಮೂರೆಲೆಯಲ್ಲಿ ಸಾಲು ದೊಡ್ಡದು, ಕಲರ್ ಚಿಕ್ಕದು. ನಾನು ಯೋಚನೆ ಮಾಡದೆ ಬೀಜವನ್ನು ದೊಡ್ಡಪ್ಪನ ಕಡೆ ತಳ್ಳಿದೆ.

"ಅಣ್ಣ, ಕಲರ್ ದೊಡ್ಡದು."

ಬಾಗಿಲಲ್ಲಿ ನೀರಿನ ಚೊಂಬು ಹಿಡಿದಿದ್ದ ತಂಗಿಯ ದನಿ. ದೊಡ್ಡಪ್ಪ ಅವಳನ್ನೂ ನನ್ನನ್ನೂ ನೋಡಿದ.

"ಏನವ್ವಾ, ಚಾಂಪಿಯನ್ನು ನಿಮ್ಮಣ್ಣನೋ ನೀನೋ?"

"ಇಲ್ಲ ದೊಡ್ಡಪ್ಪ, ಬಾಯ್ತಪ್ಪಿ ಬಂತು. ಅಣ್ಣಂಗೆ ಗೊತ್ತಿರ್ತೈತೆ" ಅಂದು ಅವಳು ಒಳಗೆ ತಿರುಗಿದಳು.

ನನ್ನ ಮಾನ ಉಳಿಸಲು ಅವಳು ತನ್ನ ವಿದ್ಯೆಯನ್ನೇ ಸುಳ್ಳು ಮಾಡಿಕೊಂಡಳು. ಅದನ್ನು ನನಗೆ ತಡೆಯಲಾಗಲಿಲ್ಲ. ಆ ಭಾನುವಾರ ಚಪ್ಪಲಿಯಿಲ್ಲದೆ ಓಡಿಬಂದು ಅವಳು ಹೇಳಿದ್ದು ಸಾಲಿನ ಮೇಲೆ ಕಲರ್ ಗೆದ್ದದ್ದನ್ನೇ. ನಾನು ಕೇಳಿಸಿಕೊಂಡಿರಲಿಲ್ಲ.

"ನನಗೆ ಗೊತ್ತಿಲ್ಲ" ಅಂದೆ, ಗಟ್ಟಿಯಾಗಿ. "ಈ ಆಟ ನನಗೆ ಬರಲ್ಲ. ಅವತ್ತು ಗೆದ್ದೋಳು ಇವಳು. ನಾನು ಹೊರಗೆ ಜನರೇಟರ್ ಹಿಡ್ಕೊಂಡು ಕೂತಿದ್ದೆ."

ಅಪ್ಪನ ಕೈಯ ಎಲೆ ಕೆಳಗಿಳಿಯಿತು. ಬೈಯುತ್ತಾನೆ ಅಂತ ಕಾದೆ. ಅವನು ಬಾಗಿಲ ಕಡೆ ತಿರುಗಿ ತಂಗಿಯನ್ನು ನೋಡಿದ. ಮೊದಲು ನಕ್ಕವನು ದೊಡ್ಡಪ್ಪ. "ಹಂಗಾದ್ರೆ ಎದ್ದೇಳ್ಲಾ ನೀನು. ಬಾರವ್ವ, ಕೂತ್ಕೋ. ನೋಡೇಬುಡಣ."

ನಮ್ಮ ಮನೆತನದಲ್ಲಿ ಆ ಚಾಪೆಯ ಮೇಲೆ ಕೂತ ಮೊದಲ ಹೆಣ್ಣು ಅವಳು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಕಟ್ಟು ಕಲೆಸಿದಳು. ಅವಳ ಕೈಯಲ್ಲಿ ಎಲೆಗಳು ಹರಿಯುವುದನ್ನು ನೋಡಿಯೇ ದೊಡ್ಡಪ್ಪನ ಅಳಿಯ "ಅಯ್ಯಯ್ಯೋ" ಅಂದ. ಮೊದಲು ಅವಳು ಬರೀ ಎಲೆ ಬಿಸಾಕಿದಳು.

"ಬಿಸಾಕಕ್ಕೇ ಬಂದ್ಯಾ?" ದೊಡ್ಡಪ್ಪ ಕೆಣಕಿದ.

"ನಿನ್ ಬೀಜ ಎಲ್ಲೋಯ್ತವೆ ಬುಡು ದೊಡ್ಡಪ್ಪ. ನನ್ ಹತ್ರಕ್ಕೇ ಬತ್ತವೆ."

ಬಂದವು. ಅಳಿಯನ ಬೀಜ ಬಂತು. ದೊಡ್ಡಪ್ಪ ಎಲೆ ಚೆನ್ನಾಗಿದ್ದರೆ ಬಾಯಿಯ ಅಡಿಕೆ ಅಗಿಯುವುದನ್ನು ನಿಲ್ಲಿಸುತ್ತಾನೆ, ಏನೂ ಇಲ್ಲದೆ ಬೀಜ ಹೂಡುವಾಗ ಜೋರಾಗಿ ಅಗಿಯುತ್ತಾನೆ ಅಂತ ಅವಳು ಕಂಡುಹಿಡಿದಳು. ಅವನ ಬೀಜವೂ ಬಂತು. ಒಳಗಿದ್ದ ಹೆಂಗಸರೆಲ್ಲ ಒಲೆ ಬಿಟ್ಟು ಜಗಲಿಗೆ ಬಂದರು. ಅವ್ವ ಸೌಟು ಹಿಡಿದುಕೊಂಡೇ ನಿಂತಿದ್ದಳು. ಕೊನೆಗೆ ಅಪ್ಪ ಉಳಿದ. ಮೀಸೆ ತಿರುವಿ ಇದ್ದಬದ್ದದ್ದನ್ನೆಲ್ಲ ನಡುವೆ ತಳ್ಳಿದ. ತಂಗಿ ಅವನ ಮುಖವನ್ನೇ ನೋಡಿದಳು.

"ಅಪ್ಪ, ನಿನ್ ಕೈಲಿ ಏನೂ ಇಲ್ಲ" ಅಂದು ತನ್ನ ಬೀಜ ಇಟ್ಟಳು.

ಅಪ್ಪನ ಕೈಯಲ್ಲಿ ಏನೂ ಇರಲಿಲ್ಲ. ಅವನಿಗೆ ಎಷ್ಟು ನಗು ಬಂತೆಂದರೆ ಕಣ್ಣಲ್ಲಿ ನೀರು ಬಂತು. ಅವ್ವ ಸೌಟಿನಿಂದಲೇ ಕಂಬಕ್ಕೆ ಬಡಿದಳು. ದೊಡ್ಡಪ್ಪ ಅಪ್ಪನಿಗೆ ಅಂದ: "ವರ್ಷತೊಡಕಿನ ದಿನ ಆಡ್ದೋಳು ವರ್ಷವೆಲ್ಲ ಆಡ್ಬೇಕು. ಅಡ್ಡ ಬಂದೀಯ, ಉಷಾರು."

"ನಾನ್ಯಾಕ್ ಅಡ್ಡ ಬರ್ಲಿ?" ಅಪ್ಪ ಕಣ್ಣೊರೆಸಿಕೊಂಡ. "ಸೆಂಟರ್‌ಗೆ ಹೋಗವ್ವ. ಬೆಳಗ್ಗೇನೇ ಹೋಗು."

ಬೀಜದ ರಾಶಿ ಅವಳ ಮಡಿಲ ಮುಂದೆ ಗುಡ್ಡವಾಗಿತ್ತು. ನಾನು ಜಗಲಿಯ ಅಂಚಿನಲ್ಲಿದ್ದೆ. ನಿಜ ಹೇಳಿಯಾಗಿತ್ತು, ಆದರೆ ಅವಳಿಗೆ ಸಲ್ಲಬೇಕಾದ ಮಾತು ಇನ್ನೂ ನನ್ನ ಬಾಯಲ್ಲೇ ಇತ್ತು. ಎದ್ದು ಹೋಗಿ ಎಲ್ಲರ ಎದುರಿಗೆ ಚಾಪೆಯ ಮೇಲೆ ಅವಳ ಮುಂದೆ ಕೂತೆ.

"ನೀನು ಗೆದ್ದಿದ್ದನ್ನ ನಾನು ಹೊದ್ಕೊಂಡು ತಿರುಗ್ದೆ ಕಣವ್ವ. ಸಾಲದು ಅಂತ ನಿನ್ ಆಟಾನೂ ನಿಲ್ಲಿಸ್ದೆ. ತಪ್ಪಾಯ್ತು, ತಂಗಿ. ನನ್ನಿಂದ ತಪ್ಪಾಯ್ತು."