ಕೊಡೆ ಸಿಕ್ಕಿಸುವ ತೂತು

ನನ್ನ ಅಳಿಯ ಕಾರಿಗೆ ಪೆಟ್ರೋಲ್ ಹಾಕುವ ಬಾಯಿ ಮಾಡುವ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ. ಬಾಯಿ, ಅದರ ಮುಚ್ಚಳ, ಅಲ್ಲಿಂದ ಟ್ಯಾಂಕಿಗೆ ಇಳಿಯುವ ಕೊಳವೆ, ಅಷ್ಟೇ. ಅಷ್ಟಕ್ಕೆ ಒಂದು ಆಫೀಸು, ಅಷ್ಟೊಂದು ಜನವೇ ಎಂದು ಮೊದಮೊದಲು ನಕ್ಕಿದ್ದೆ. ರಿಸೆಷನ್ ಬಂದ ಚಳಿಗಾಲದಲ್ಲಿ ಆ ಆಫೀಸಿನ ಅರ್ಧ ಜನರನ್ನು ಮನೆಗೆ ಕಳಿಸಿದರು. ಅವನೂ ಒಂದು ರಟ್ಟಿನ ಡಬ್ಬ ಹಿಡಿದುಕೊಂಡು ಬಂದ. ಡಬ್ಬದೊಳಗೆ ಕಾಫಿ ಮಗ್ಗು, ಕೆಲವು ಮುಚ್ಚಳ.

ಎದುರಿಗೆ ನಾನು ಅವನನ್ನು ನೀವು ಎಂದೇ ಮಾತಾಡಿಸುವುದು. ಬರೆಯುವಾಗ ಅದು ಬೇಡ. ನಾನು ಓದಿದ್ದು ಮೂರನೇ ಕ್ಲಾಸು, ಒಂದೊಂದು ಅಕ್ಷರವನ್ನೂ ಕೂತು ಕಟ್ಟಬೇಕು. ಅವನು ಎಂದರೆ ಬೇಗ ಮುಗಿಯುತ್ತದೆ.

ಆಗ ನಾವು ರಾಚೆಸ್ಟರ್ ಹಿಲ್ಸ್‌ನಲ್ಲಿದ್ದೆವು. ಮಗಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಅಡುಗೆ ನನ್ನದು. ಊಟಕ್ಕೆ ತೊಂದರೆ ಇರಲಿಲ್ಲ. ಆದರೆ ಅಳಿಯ ದಿನಾ ಬೆಳಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬೇಸ್‌ಮೆಂಟಿಗೆ ಇಳಿಯುತ್ತಿದ್ದ, ಸಂಜೆ ಹತ್ತಿ ಬರುತ್ತಿದ್ದ. ಯಾರ ಮನೆಯ ಪೂಜೆಗೂ ಬರುತ್ತಿರಲಿಲ್ಲ. ಹೋದರೆ ಯಾರಾದರೂ ಕೆಲಸದ ವಿಷಯ ಕೇಳುತ್ತಾರೆ. ಕೆಲಸ ಸಿಗದಿದ್ದರೆ ಈ ಮನುಷ್ಯ ಬೇಸ್‌ಮೆಂಟಿನಲ್ಲೇ ಬೇರು ಬಿಡುತ್ತಾನೆ ಎಂದು ನನಗೆ ಅನ್ನಿಸಿಹೋಗಿತ್ತು.

ಇಂಟರ್‌ವ್ಯೂಗಳು ಬಂದವು, ಹೋದವು. ಹೋದದ್ದೆಲ್ಲ ಒಂದೇ ಪ್ರಶ್ನೆಯಿಂದ ಎಂದು ಮಗಳು ಹೇಳಿದಳು. ನೀವು ಮಾಡಿದ ಒಂದು ತಪ್ಪು ಹೇಳಿ, ಆಮೇಲೆ ಏನು ಮಾಡಿದಿರಿ ಹೇಳಿ ಎಂದು ಇಲ್ಲಿನವರು ಕೇಳುತ್ತಾರಂತೆ. ಬೇಸಿಗೆಯಲ್ಲಿ ಮತ್ತೊಂದು ಕಡೆಯಿಂದ ಕರೆ ಬಂತು. ಶಿಕಾಗೋ ಹತ್ತಿರ ಲಿಸ್ಲ್‌ನ ಕಂಪನಿ, ಗುರುವಾರ ಫೋನಿನಲ್ಲಿ ಮಾತಾಡುತ್ತಾರೆ ಎಂದು. ಮಗಳು ಅಡುಗೆಮನೆ ಟೇಬಲ್ಲಿಗೆ ಅವನನ್ನು ಕೂರಿಸಿ ಅಭ್ಯಾಸ ಮಾಡಿಸಿದಳು. ನಾನು ಪಕ್ಕದಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದೆ.

"ನೀವು ಮಾಡಿದ ಒಂದು ಮಿಸ್ಟೇಕ್ ಹೇಳಿ," ಎಂದಳು.

"ನಾನು ತುಂಬಾ ಹಾರ್ಡ್ ವರ್ಕ್ ಮಾಡ್ತೀನಿ. ಅದೇ ನನ್ನ ವೀಕ್‌ನೆಸ್ಸು."

"ಅದು ತಪ್ಪಲ್ಲ ರೀ, ಜಂಭ."

"ಮತ್ತೇನ್ ಹೇಳ್ಲಿ? ನನ್ನ ಡ್ರಾಯಿಂಗ್ ಒಂದೂ ವಾಪಸ್ ಬಂದಿಲ್ಲ ಕಣೇ."

"ಮನೇಲಿ ಮಾಡಿರೋದು ಹೇಳಿ. ಬೇಕಾದಷ್ಟಿದೆ."

"ನನ್ನನ್ನ ಕೇಳಿದ್ರೆ ಸಂಜೆ ತನಕ ಹೇಳ್ತಿದ್ದೆ," ಎಂದೆ ನಾನು.

"ನಿಮ್ಮ ತಪ್ಪಾ ಅತ್ತೆ, ನನ್ನದಾ?"

"ಇಬ್ಬರದೂ."

ಅವನು ನಗಲಿಲ್ಲ. ಮೊದಲಾಗಿದ್ದರೆ ನಗುತ್ತಿದ್ದ.

ದೋಣಿಯ ವಿಷಯ ಹೇಳಬೇಕು. ಕೆಲಸ ಹೋಗುವ ಮೊದಲಿನ ಶರತ್ಕಾಲದಲ್ಲಿ ಅಳಿಯ ಮತ್ತು ಅವನ ಗೆಳೆಯ ಸೇರಿ ಒಂದು ಹಳೆಯ ಮೋಟಾರ್ ದೋಣಿ ಕೊಂಡಿದ್ದರು. ಗೆಳೆಯ ಹುಬ್ಬಳ್ಳಿ ಕಡೆಯವನು, ಬೇರೆ ಕಂಪನಿ, ಅವನ ಕೆಲಸ ಉಳಿದಿತ್ತು. ಆ ವರ್ಷ ನಮ್ಮ ಬಡಾವಣೆಯಲ್ಲೇ ಎಷ್ಟೋ ಮನೆಗಳ ಮುಂದೆ ದೋಣಿಗಳು ಮಾರಾಟಕ್ಕೆ ನಿಂತಿದ್ದವು. ಇವರು ಕೊಂಡದ್ದು ಮೀನು ಹಿಡಿಯುವವನೊಬ್ಬನದು. ಇವರಿಬ್ಬರ ಮನೆಯಲ್ಲೂ ಮೊಟ್ಟೆ ಕೂಡ ಒಲೆ ಹತ್ತುವುದಿಲ್ಲ. ಮೀನು ಬೇಡ, ಗಾಳಿ ಸಾಕು ಎಂದರು. ಚಳಿಗಾಲಕ್ಕೆ ಟ್ಯಾಂಕು ತುಂಬಿಸಿಟ್ಟೇ ಹಳೆಯ ಯಜಮಾನ ಬೀಗದ ಕೈ ಕೊಟ್ಟಿದ್ದ. ಹಾಗಾಗಿ ಇವರಿಗೆ ಅದಕ್ಕೆ ಪೆಟ್ರೋಲ್ ಹಾಕುವ ಪ್ರಸಂಗವೇ ಬಂದಿರಲಿಲ್ಲ.

ಗುರುವಾರಕ್ಕೆ ಮುಂಚಿನ ಭಾನುವಾರ ಮಗಳು ಹಟ ಹಿಡಿದು ಅವನನ್ನು ಎಬ್ಬಿಸಿದಳು. ನಾನು ಚಿತ್ರಾನ್ನ, ಮೊಸರನ್ನ ಕಟ್ಟಿದೆ. ಹುಬ್ಬಳ್ಳಿಯವನೂ ಸೇರಿ ನಾಲ್ಕು ಜನ ಸೇಂಟ್ ಕ್ಲೇರ್ ಕೆರೆಯ ದೋಣಿ ನಿಲ್ಲಿಸುವ ಮರೀನಾಕ್ಕೆ ಹೋದೆವು. ಕೆರೆ ಎಂದರೆ ಸಮುದ್ರದ ಹಾಗೆ, ಆಚೆ ದಡ ಕಾಣುವುದಿಲ್ಲ. ಆ ಬೇಸಿಗೆ ಹುಬ್ಬಳ್ಳಿಯವನೊಬ್ಬನೇ ಓಡಾಡಿ ಟ್ಯಾಂಕು ಖಾಲಿಯಾಗುತ್ತಾ ಬಂದಿತ್ತು, ಅದಕ್ಕೆ ಹೊರಡುವ ಮೊದಲು ಪೆಟ್ರೋಲ್ ಬಂಕಿನ ಕಟ್ಟೆಗೆ ದೋಣಿ ತಂದು ಕಟ್ಟಿದರು. ಹಾಕುವಾಗ ಕೂತವರು ಇಳಿಯಬೇಕಂತೆ. ನಾನೂ ಮಗಳೂ ಇಳಿದು ಬೆಂಚಿನ ಮೇಲೆ ಕೂತೆವು.

ಆ ದೋಣಿಯ ಅಂಚಿನುದ್ದಕ್ಕೂ ಬೆಳ್ಳಿ ಬಣ್ಣದ ಬಳೆ ಸುತ್ತಿರುವ ದುಂಡು ತೂತುಗಳಿದ್ದವು. ಒಂದರಲ್ಲಿ ಹುಬ್ಬಳ್ಳಿಯವನು ನನಗೆ ಬಿಸಿಲು ತಾಗದಿರಲಿ ಎಂದು ಕೊಡೆ ಸಿಕ್ಕಿಸಿದ್ದ. ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಇನ್ನೊಂದಕ್ಕೆ ಕಪ್ಪು ರಬ್ಬರಿನ ಮುಚ್ಚಳವಿತ್ತು. ಅಳಿಯ ಆ ಮುಚ್ಚಳ ತೆಗೆದ, ಪೈಪು ಇಳಿಬಿಟ್ಟ, ಒತ್ತಿದ.

ಪೆಟ್ರೋಲ್ ಹೋಗುತ್ತಲೇ ಇತ್ತು. ಅಳಿಯ ತಲೆ ಬಗ್ಗಿಸಿ ಕಿವಿಗೊಟ್ಟ. ಟ್ಯಾಂಕು ತುಂಬುತ್ತಾ ಬಂದ ಹಾಗೆ ಒಳಗಿನ ಸದ್ದು ಸಣ್ಣಗಾಗಬೇಕಂತೆ, ಅದು ಆಗಲಿಲ್ಲವಂತೆ. ಅವನು ಪೈಪು ನಿಲ್ಲಿಸಿ ನೆಟ್ಟಗಾದ. ಅಷ್ಟರಲ್ಲಿ ವಾಸನೆ ನನ್ನ ಬೆಂಚಿಗೂ ಬಂತು.

"ಏನ್ರೀ, ಭಾಳ ವಾಸನಿ ಬರಾಕತ್ತೈತಿ," ಎಂದು ದೋಣಿಯಲ್ಲೇ ಉಳಿದಿದ್ದ ಹುಬ್ಬಳ್ಳಿಯವನು ಕೀ ಕಡೆ ಕೈ ಚಾಚಿದ. "ವಾಸನಿ ಹೊರಗ ಹೋಗ್ಲಿ, ಫ್ಯಾನ್ ಹಚ್ಚತೇನ್ರಿ."

"ಕೀ ಮುಟ್ಬೇಡಿ," ಎಂದ ಅಳಿಯ. "ಕೈ ಹಿಂದಕ್ಕೆ ತಗೊಳ್ಳಿ. ಏನೂ ಮುಟ್ಟದೆ ಹಾಗೇ ಎದ್ದು ಈಚೆ ಬನ್ನಿ."

ದನಿ ಏರಿಸಲಿಲ್ಲ. ಹಸುಳೆಗೆ ಹೇಳುವ ಹಾಗೆ ಹೇಳಿದ. ಹುಬ್ಬಳ್ಳಿಯವನು ಎದ್ದು ಬಂದ. ಅಳಿಯ ಬಂಕಿನ ಹುಡುಗಿಗೆ ಪೆಟ್ರೋಲ್ ದೋಣಿಯ ತಳಕ್ಕೆ ಹೋಗಿದೆ, ಪಂಪು ಬಂದ್ ಮಾಡು, ಬೆಂಕಿ ಆರಿಸುವವರನ್ನು ಕರೆ ಎಂದ. ಅಕ್ಕಪಕ್ಕದ ದೋಣಿಯವರಿಗೂ ಇಂಜಿನ್ ಶುರು ಮಾಡಬೇಡಿ, ಇಳಿದು ದೂರ ಹೋಗಿ ಎಂದ. ಎಲ್ಲರೂ ಅವನು ಹೇಳಿದ ಹಾಗೆ ಕೇಳಿದರು. ಒಂದು ಕಿಡಿ ಹಾರಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಬೆಂಕಿಯವರು ಬಂದು ಹೀರುವ ಬಟ್ಟೆಗಳನ್ನು ಹಾಸಿ ಕೆಲಸ ಶುರು ಮಾಡಿದರು. ಬಂಕು ಮುಚ್ಚಿತು. ಭಾನುವಾರ ಬೇರೆ. ಪೆಟ್ರೋಲಿಗೆಂದು ಬಂದ ದೋಣಿಯವರೆಲ್ಲ ನಮ್ಮ ಜೊತೆ ಮರದಡಿಯ ಹುಲ್ಲಿನಲ್ಲಿ ಸಿಕ್ಕಿಬಿದ್ದರು. ಆಗ ಅಳಿಯನ ಮುಖ ಮತ್ತೆ ಬೇಸ್‌ಮೆಂಟಿಗೆ ಇಳಿಯಿತು. ಐಸ್ ಮಾರುವ ಪೆಟ್ಟಿಗೆಯ ಹಿಂದೆ ಹೋಗಿ ಗೋಡೆ ನೋಡುತ್ತಾ ನಿಂತ.

ಬಿಳಿ ಗಡ್ಡದ ಮುದುಕನೊಬ್ಬ ಬಂದು ಹುಬ್ಬಳ್ಳಿಯವನ ಪಕ್ಕ ಕೂತ. ಅವರು ಆಡಿದ್ದನ್ನು ಮಗಳು ನನಗೆ ಕನ್ನಡದಲ್ಲಿ ಹೇಳುತ್ತಾ ಹೋದಳು.

ಆ ಕೊಡೆ ನಿಂತಿದೆಯಲ್ಲ, ಆ ತೂತು ಯಾತಕ್ಕೆ ಎಂದು ಗಡ್ಡದವನು ಕೇಳಿದ.

ಕೊಡೆಗೆ ಎಂದ ಹುಬ್ಬಳ್ಳಿಯವನು.

ಅದು ಗಾಳದ ಕೋಲು ನಿಲ್ಲಿಸುವ ತೂತು. ನಿಮ್ಮವನು ಪೆಟ್ರೋಲ್ ಹಾಕಿದ್ದೂ ಅಂಥದ್ದಕ್ಕೇ. ಅದಕ್ಕೆ ತಳ ಇಲ್ಲ, ಸೀದಾ ದೋಣಿಯ ಹೊಟ್ಟೆಗೆ. ಮೀನು ಹಿಡಿಯುವುದಿಲ್ಲವೇ ನೀವು?

ತಿನ್ನುವುದೂ ಇಲ್ಲ.

ಮತ್ತೆ ಮೀನಿನ ದೋಣಿ ಯಾಕೆ ಕೊಂಡಿರಿ?

"ಬಣ್ಣ ಚಲೋ ಇತ್ತು ಅಂತ ಹೇಳೇನ್ರಿ ಅಮ್ಮಾರ," ಎಂದು ಹುಬ್ಬಳ್ಳಿಯವನು ನನ್ನ ಕಡೆ ತಿರುಗಿದ. "ಮತ್ತೇನ್ ಹೇಳ್ಬೇಕ್ರಿ ಅವಂಗ?"

ಗಡ್ಡದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಎದ್ದು ಐಸ್ ಪೆಟ್ಟಿಗೆಯ ಹತ್ತಿರ ಹೋಗಿ, ಅಳಿಯನ ಹೆಗಲ ಮೇಲೆ ಕೈ ಹಾಕಿ ಕರೆತಂದ. ಕೂರಿಸಿ, ತನ್ನ ಕಥೆ ಹೇಳಿದ. ಅವನು ಒಮ್ಮೆ ಕುಡಿಯುವ ನೀರಿನ ಟ್ಯಾಂಕಿಗೇ ಪೆಟ್ರೋಲ್ ತುಂಬಿಸಿದ್ದನಂತೆ. ನಲ್ಲಿ ತಿರುಗಿಸಿದ ಹೆಂಡತಿ ಕಾಫಿಗೆ ನೀರು ಹಿಡಿಯುವ ಮೊದಲು ಮೂಸಿ ನೋಡಿದ್ದರಿಂದ ಇನ್ನೂ ಮದುವೆ ಉಳಿದಿದೆಯಂತೆ. ನಾಯಿ ಹಿಡಿದುಕೊಂಡಿದ್ದ ದಪ್ಪ ಹೆಂಗಸು, ಅದೇನು ಮಹಾ ಎಂದಳು. ಅವಳ ಗಂಡ ಪೈಪು ತೆಗೆಯದೆಯೇ ದೋಣಿ ಓಡಿಸಿ, ಪೈಪನ್ನು ಬಾಲದ ಹಾಗೆ ಎಳೆದುಕೊಂಡು ಹೋಗಿದ್ದನಂತೆ. ಜನ ಕೈ ಬೀಸಿ ಕೂಗಿದರೆ ಟಾಟಾ ಮಾಡುತ್ತಿದ್ದಾರೆಂದು ಇವನೂ ಕೈ ಬೀಸಿದನಂತೆ. ಪಕ್ಕದಲ್ಲಿ ಕೂತಿದ್ದ ಆ ಗಂಡ ಹೌದು ಎಂದು ತಲೆಯಾಡಿಸಿದ. ಇನ್ನೊಬ್ಬ, ಟ್ಯಾಂಕಿನ ಮುಳ್ಳು ಕೆಟ್ಟಿದೆ, ಪೆಟ್ರೋಲ್ ಇದೆ ಎಂದು ಹೆಂಡತಿಯ ಜೊತೆ ವಾದ ಮಾಡಿ ನಡುಕೆರೆಯಲ್ಲಿ ನಿಂತು, ಐಸ್ ಡಬ್ಬದ ಮುಚ್ಚಳದಲ್ಲಿ ಹುಟ್ಟು ಹಾಕಿಕೊಂಡು ಬಂದಿದ್ದನಂತೆ. ಮುಳ್ಳು ಸರಿಯಾಗಿಯೇ ಇತ್ತು.

ಎಲ್ಲರಿಗೂ ಹಸಿವಾಗಿತ್ತು. ನಾನು ಚಿತ್ರಾನ್ನದ ಡಬ್ಬಿ ತೆರೆದು ಕಾಗದದ ತಟ್ಟೆಗಳಿಗೆ ಹಾಕಿ ಕೊಟ್ಟೆ. ಹಸಿಮೆಣಸಿನಕಾಯಿ ಆಯ್ದುಕೊಳ್ಳಿ ಎಂದು ಹೇಳಿಸಿದೆ. ಗಡ್ಡದವನು ಕೇಳಲಿಲ್ಲ, ಕೆಮ್ಮಿದ, ಮತ್ತೆ ತಟ್ಟೆ ಒಡ್ಡಿದ. ತಿನ್ನುತ್ತಾ ಅಳಿಯನನ್ನು ಕೇಳಿದ, ನೀವು ಕೆಲಸ ಏನು ಮಾಡುವುದು ಎಂದು.

ಮಗಳ ಅನುವಾದ ನಿಂತಿತು. ಈ ಪ್ರಶ್ನೆಗೆ ಹೆದರಿಯೇ ಅವನು ಅಷ್ಟು ತಿಂಗಳು ಯಾರ ಮನೆಗೂ ಹೋಗಿರಲಿಲ್ಲ. ಅಳಿಯ ತಟ್ಟೆ ಕೆಳಗಿಟ್ಟು ಇಂಗ್ಲಿಷಿನಲ್ಲಿ ಏನೋ ಹೇಳಿದ.

"ಏನಂದ್ರು?" ಎಂದು ಮಗಳನ್ನು ಕೇಳಿದೆ.

"ಈಗ ಕೆಲಸ ಇಲ್ಲ ಅಂದ್ರು ಅಮ್ಮ. ಮೊದಲು ಕಾರಿಗೆ ಪೆಟ್ರೋಲ್ ಹಾಕೋ ಬಾಯಿ ಡಿಸೈನ್ ಮಾಡ್ತಿದ್ದೆ ಅಂದ್ರು."

ನಾಯಿ ಹಿಡಿದಿದ್ದ ಹೆಂಗಸು ನಗಲು ಶುರು ಮಾಡಿದಳು, ಎಲ್ಲರೂ ಸೇರಿದರು. ಅಂಥ ನಗು ನಾನು ಈ ದೇಶದಲ್ಲಿ ಕೇಳಿರಲಿಲ್ಲ. ಅಳಿಯ ಮೊದಲು ಕೆಂಪಾದ. ಆಮೇಲೆ ಅವನ ಹೆಗಲೂ ಅಲುಗತೊಡಗಿತು. ಕಣ್ಣು ಒರೆಸಿಕೊಂಡು ನಕ್ಕ. ಗಡ್ಡದವನು ತನಗೂ ಕಾರಿನ ಕಂಪನಿಯವರು ಆ ವರ್ಷವೇ ಮನೆ ದಾರಿ ತೋರಿಸಿದ್ದು ಎಂದ. ಮುಳ್ಳಿನವನೂ ಹಾಗೆಯೇ ಮನೆಯಲ್ಲಿದ್ದ. ನಾವು ಅಷ್ಟು ತಿಂಗಳು ಬೇಸ್‌ಮೆಂಟಿನಲ್ಲಿ ಬಚ್ಚಿಟ್ಟುಕೊಂಡದ್ದನ್ನು ಇವರು ದೋಣಿಯಲ್ಲಿ ಕೂತು ಗಾಳಿಗೆ ಬಿಟ್ಟಿದ್ದರು.

ಗುರುವಾರ ಬಂತು. ಮಗಳು ಕೆಲಸಕ್ಕೆ ಹೋಗಿದ್ದಳು. ಅಳಿಯ ಬೇಸ್‌ಮೆಂಟಿಗೆ ಇಳಿಯಲಿಲ್ಲ. ಅಡುಗೆಮನೆ ಟೇಬಲ್ಲಿನ ಮೇಲೆ ಫೋನು ಸ್ಪೀಕರಿಗೆ ಹಾಕಿಟ್ಟು ಕೂತ.

"ನಾನು ಒಳಗೆ ಹೋಗ್ಲಾ?" ಎಂದೆ.

"ಇರಿ ಅತ್ತೆ. ಕುಕ್ಕರ್ ಮಾತ್ರ ಕೂಗಿಸ್ಬೇಡಿ."

ನನಗೆ ಇಂಗ್ಲಿಷ್ ಬರುವುದಿಲ್ಲ. ಇಬ್ಬರು ಗಂಡಸರು ಒಬ್ಬರಾದ ಮೇಲೆ ಒಬ್ಬರು ಏನೇನೋ ಕೇಳಿದರು, ಇವನು ಹೇಳಿದ. ಆಮೇಲೆ ಮಿಸ್ಟೇಕ್ ಎಂಬ ಮಾತು ಬಂತು. ಅದು ನನಗೆ ಗೊತ್ತಿತ್ತು. ನಾನು ಬೇಳೆ ತೊಳೆಯುವ ಕೈ ನಿಲ್ಲಿಸಿದೆ. ಅಳಿಯ ನನ್ನ ಕಡೆ ನೋಡಿದ, ಉಸಿರು ತೆಗೆದುಕೊಂಡ. ಬೋಟ್ ಎಂದ. ಗ್ಯಾಸ್ ಎಂದ, ಇಲ್ಲಿ ಪೆಟ್ರೋಲಿಗೆ ಹಾಗೆ ಅನ್ನುವುದು. ಅಂಬ್ರೆಲ್ಲಾ ಎಂದ. ಫೋನಿನೊಳಗೆ ಒಬ್ಬ ನಕ್ಕ, ಇನ್ನೊಬ್ಬ ಜೋರಾಗಿ ನಕ್ಕ. ಅವರು ನಗುವುದು ನಿಲ್ಲುವ ತನಕ ಇವನು ಕಾದ. ಆಮೇಲೆ ಗಂಭೀರವಾಗಿ ಬಹಳ ಹೊತ್ತು ಮಾತಾಡಿದ, ಕೈಯಲ್ಲಿ ಗಾಳಿಯಲ್ಲೇ ಕೊಳವೆ, ಮುಚ್ಚಳ ಬರೆದು ತೋರಿಸುತ್ತಾ. ನೋಡಲು ನಾನೊಬ್ಬಳೇ ಇದ್ದದ್ದು.

ಫೋನಿಟ್ಟ ಮೇಲೆ ಕೇಳಿದೆ, "ಅಷ್ಟುದ್ದ ಏನ್ ಹೇಳಿದ್ರಿ?"

"ಮುಚ್ಚಳದ ಮೇಲೆ ಏನೇ ಬರೆದ್ರೂ ಓದಿದವನೂ ಅವಸರದಲ್ಲಿ ಓದಲ್ಲ ಅತ್ತೆ. ತಪ್ಪು ತೂತಿಗೆ ಪೈಪು ಹೋಗದ ಹಾಗೇ ಬಾಯಿ ಮಾಡ್ಬೇಕು ಅಂತ. ಇಷ್ಟು ವರ್ಷ ಮುಚ್ಚಳ ಮಾಡಿದೀನಿ, ಇದು ಹೊಳೆದಿರ್ಲಿಲ್ಲ."

"ಒಪ್ಪಿದ್ರಾ?"

"ಬನ್ನಿ, ಕೂತು ಮಾತಾಡೋಣ ಅಂದ್ರು."

ಹೋಗಿ ಬಂದ. ಕೆಲಸ ಸಿಕ್ಕಿತು. ದಸರಾ ಕಳೆದ ಮೇಲೆ ಲಿಸ್ಲ್‌ಗೆ ಮನೆ ಬದಲಾಯಿಸುವುದೆಂದಾಯಿತು. ದೋಣಿ ಹುಬ್ಬಳ್ಳಿಯವನ ಪಾಲಿಗೆ ಉಳಿಯಿತು. ಅದನ್ನು ಚಳಿಗಾಲಕ್ಕೆ ನೀರಿನಿಂದ ಎತ್ತುವ ಮೊದಲು ಆಯುಧ ಪೂಜೆ ಬಂತು. ಕಾರುಗಳ ಪೂಜೆ ಮುಗಿಸಿ, ಅರಿಶಿನ ಕುಂಕುಮ ಹಿಡಿದುಕೊಂಡು ಮರೀನಾಕ್ಕೆ ಹೋದೆವು. ಚಳಿ ಶುರುವಾಗಿತ್ತು, ಕೋಟು ಹಾಕಿಕೊಂಡೇ ಕಾಯಿ ಒಡೆದೆ. ಕಾರಿಗಾದರೆ ಚಕ್ರದಡಿ ನಿಂಬೆಹಣ್ಣು ಇಡಬೇಕು, ಇದಕ್ಕೆ ಚಕ್ರವೇ ಇಲ್ಲ.

"ಕುಂಕುಮ ಎಲ್ಲಿಗ್ರಿ ಅಮ್ಮಾರ?" ಎಂದ ಹುಬ್ಬಳ್ಳಿಯವನು.

"ಪೆಟ್ರೋಲ್ ಎಲ್ಲಿಗೆ ಹಾಕ್ಬೇಕೋ ಅಲ್ಲಿಗೆ," ಎಂದೆ.

ಅಳಿಯ ಹಿಂದೆ ಹೋಗಿ ತೋರಿಸಿದ. ನಿಜವಾದ ಮುಚ್ಚಳ ಅಲ್ಲಿತ್ತು, ಮೇಲಿನ ಅಕ್ಷರ ಸವೆದುಹೋಗಿತ್ತು. ಅದರ ಸುತ್ತ ದಪ್ಪಗೆ ಕುಂಕುಮ ಹಚ್ಚಿದೆ. ಗಡ್ಡದವನು ಪಕ್ಕದ ದೋಣಿಯಿಂದ ನೋಡುತ್ತಿದ್ದ. ತನ್ನದಕ್ಕೂ ಹಾಕಿ ಎಂದ. ಯಾವುದು ನೀರು, ಯಾವುದು ಪೆಟ್ರೋಲ್ ಎಂದು ಮೊದಲು ಸರಿಯಾಗಿ ಹೇಳು ಎಂದು ಮಗಳ ಕೈಯಲ್ಲಿ ಕೇಳಿಸಿದೆ. ಅವನು ಒಂದು ಕಡೆ ಬೆರಳು ತೋರಿಸಿ, ಯೋಚಿಸಿ, ಇನ್ನೊಂದು ಕಡೆ ತೋರಿಸಿದ.

ಗಾಳದ ತೂತಿಗೆ ಏನೂ ಹಚ್ಚಲಿಲ್ಲ. ಅದರಲ್ಲಿ ಕೊಡೆ ಇತ್ತು.