ಆಯುಧಪೂಜೆಯಲ್ಲಿ ಹೋದ ನನ್ನ ಸೆಟ್ಟಿಂಗ್ಸ್

ಬೇಲೂರಿನ ತಾಲ್ಲೂಕು ಕಚೇರಿಯ ಹತ್ತಿರ ನನ್ನ ತಮ್ಮನ ಟೈಪಿಂಗ್ ಅಂಗಡಿ ಇದೆ. ನಿವೃತ್ತನಾದ ಮೇಲೆ ಹಳೇಬೀಡಿನಿಂದ ಬೆಳಗಿನ ಬಸ್ಸಿಗೆ ಹೊರಟು ಅದರ ಬಾಗಿಲು ತೆಗೆಯುತ್ತಿದ್ದವನು ನಾನು. ಊಟದ ಹೊತ್ತಿನವರೆಗೆ ನಾನು ಅರ್ಜಿಗಳನ್ನು ಟೈಪ್ ಮಾಡುತ್ತಿದ್ದೆ, ಆಮೇಲೆ ತಮ್ಮ. ಇದ್ದದ್ದು ಒಂದೇ ಕಂಪ್ಯೂಟರ್.

ಪೊರೆಯ ಆಪರೇಷನ್ ಆದಮೇಲೆ ನನ್ನ ಕಣ್ಣಿಗೆ ಬಿಳಿ ಪರದೆ ಆಗದು. ನೋಡುತ್ತಿದ್ದಂತೆ ನೀರಿಳಿಯುತ್ತದೆ. ಅದಕ್ಕೇ ಟೈಪ್ ಮಾಡುವ ಎಡಿಟರ್ ತಂತ್ರಾಂಶವನ್ನು ನನಗೆ ತಕ್ಕಂತೆ ಹೊಂದಿಸಿಕೊಂಡಿದ್ದೆ. ಕಪ್ಪು ಪರದೆ, ಹುಣಸೆ ಬೀಜದಷ್ಟು ದಪ್ಪನೆಯ ಹಳದಿ ಅಕ್ಷರ, ಹಳೆಯ ಟೈಪ್‌ರೈಟರಿನ ಕ್ರಮದಲ್ಲೇ ಕೀಲಿಗಳು. ಜೊತೆಗೆ ನಾನೇ ಒಂದೊಂದಾಗಿ ಕಟ್ಟಿದ ಸಂಕೇತಗಳು. ‘ತಹ’ ಎಂದು ಒತ್ತಿದರೆ ತಹಸೀಲ್ದಾರರಿಗೆ ಬರೆಯುವ ಒಕ್ಕಣೆ ಪೂರ್ತಿ ಬಂದು ಕೂರುತ್ತಿತ್ತು. ‘ಬರ’ ಎಂದರೆ ಅರ್ಜಿಯ ಕೊನೆಯ ಸಾಲು, ಬರೆದುಕೊಟ್ಟವನೆಂದು ನನ್ನ ಹೆಸರು ಮತ್ತು ಊರು.

ಬೆಳಿಗ್ಗೆ ಪೆನ್‌ಡ್ರೈವಿನಿಂದ ನನ್ನ ಸೆಟ್ಟಿಂಗ್ಸ್ ಲೋಡ್ ಮಾಡುವುದು, ಏಳುವಾಗ ಸೇವ್ ಮಾಡಿ ತಮ್ಮನದನ್ನು ಲೋಡ್ ಮಾಡಿ ಕುರ್ಚಿ ಬಿಡುವುದು. ಈ ಕ್ರಮವನ್ನು ಒಂದು ದಿನವೂ ತಪ್ಪಿಸಿದವನಲ್ಲ. ಆದರೂ ಅವನದು ಒಂದೇ ಗೊಣಗಾಟ: “ಅಣ್ಣಾ, ಗಿರಾಕಿಗಳು ನಗ್ತಾರೆ ಕಣೋ. ಇದೇನು ಪರದೇನಾ, ಕಾವಲೀನಾ?”

ನಮ್ಮ ತಂದೆಯ ಕಾಲದಿಂದ ಬಂದ ಪದ್ಧತಿಯೊಂದಿತ್ತು. ಆಯುಧಪೂಜೆಯ ಮುನ್ನಾದಿನ ಟೈಪ್‌ರೈಟರ್ ಬಿಚ್ಚಿ, ಅಚ್ಚುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ರಿಬ್ಬನ್ ಕಿತ್ತು ಹೊಸದರಂತೆ ಮಾಡಿ ಪೂಜೆಗಿಡಬೇಕು. ಈಗ ಟೈಪ್‌ರೈಟರಿನ ಜಾಗದಲ್ಲಿ ಕಂಪ್ಯೂಟರ್. ಈ ಸಲ ತಮ್ಮ, “ನೀನು ಸುಸ್ತು ಮಾಡ್ಕೋಬೇಡ, ನಾನೇ ಮಾಡ್ತೀನಿ. ಪೆನ್‌ಡ್ರೈವೂ ಆಯುಧವೇ ಅಲ್ವಾ, ಕೊಡು” ಎಂದ. ಕೊಟ್ಟೆ.

ಹಬ್ಬ ಕಳೆದು ಹೋಗಿ ಕುಳಿತರೆ ಕಣ್ಣಿಗೆ ಹೊಡೆಯುವ ಬಿಳಿ ಪರದೆ. ಕುಂಕುಮ ಹಚ್ಚಿದ ಪೆನ್‌ಡ್ರೈವ್ ಚುಚ್ಚಿದೆ. ಒಳಗೆ ಏನೂ ಇಲ್ಲ.

“ಎಲ್ಲ ಕ್ಲೀನ್ ಮಾಡ್ದೆ ಅಣ್ಣಾ. ಅಪ್ಪ ಮಾಡ್ತಿದ್ರಲ್ಲ, ಹಂಗೆ.”

“ಅಪ್ಪ ಅಚ್ಚು ತೊಳೀತಿದ್ರು, ಬಿಸಾಕ್ತಿರಲಿಲ್ಲ. ನಿನ್ನ ಸೆಟ್ಟಿಂಗ್ಸ್ ಎಲ್ಲಿ?”

“ಅದು... ಬೇರೆ ಕಡೆ ಇತ್ತು, ಉಳ್ಕೊಂಡ್ತು.”

ಎದುರಿಗೆ ಗಿರಾಕಿ ಕಾಯುತ್ತಿದ್ದ. ತಮ್ಮ ನನ್ನನ್ನು ಎಬ್ಬಿಸಿ, ತನ್ನ ಸೆಟ್ಟಿಂಗ್ಸ್ ಲೋಡ್ ಮಾಡಿ, ‘ತಹ’ ಎಂದು ಒತ್ತಿದ. ನನ್ನ ಒಕ್ಕಣೆ ಅಲ್ಪವಿರಾಮವೂ ಬಿಡದೆ ಪರದೆಯ ಮೇಲೆ ಬಂದು ನಿಂತಿತು. ಸಂಕೇತಗಳನ್ನೆಲ್ಲ ತನ್ನ ಕಡೆಗೆ ನಕಲು ಮಾಡಿಕೊಂಡ ಮೇಲೆಯೇ ಅವನು ನನ್ನದನ್ನು ಅಳಿಸಿದ್ದ.

“ಇದೇನೋ ಇದು?”

“ಅಂಗಡಿದಲ್ವಾ ಅಣ್ಣಾ?” ಅವನು ತಿರುಗಿ ನೋಡಲಿಲ್ಲ. “ಕಣ್ಣು ಬೇರೆ ಸರಿಯಿಲ್ಲ ನಿಂಗೆ. ಮನೇಲಿ ಆರಾಮಾಗಿರು.”

ಕಪ್ಪು ಪರದೆಯನ್ನೂ ದಪ್ಪ ಅಕ್ಷರವನ್ನೂ ಮತ್ತೆ ಹೊಂದಿಸಿಕೊಳ್ಳಲು ನನಗೆ ಬರುತ್ತಿತ್ತು. ಆದರೆ ಕುರ್ಚಿ ಅವನದು. ಕೊಡೆ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಮತ್ತೆ ಹೋಗಿಲ್ಲ. ಈಗಲೂ ಬೆಳಗಿನ ಬಸ್ಸಿನ ಹೊತ್ತಿಗೆ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂರುತ್ತೇನೆ.

ಮೊನ್ನೆ ಅರೇಹಳ್ಳಿ ಕಡೆಯ ರೈತರೊಬ್ಬರು ವಿಚಾರಿಸಿಕೊಂಡು ಮನೆಗೇ ಬಂದರು. ಕೈಯಲ್ಲಿ ಕಚೇರಿಯವರು ಹಿಂದಿರುಗಿಸಿದ ಅರ್ಜಿ.

“ಏನ್ ಸ್ವಾಮಿ, ನಮ್ಮಪ್ಪನ ಹೆಸರಿರೋ ಜಾಗದಲ್ಲಿ ಇನ್ಯಾರ್ದೋ ಅಪ್ಪನ್ನ ಕೂರಿಸಿದ್ದೀರಲ್ಲ!”

“ನಾನಲ್ಲಪ್ಪ ಬರೆದದ್ದು.”

“ಮತ್ತೆ ಕೆಳಗಡೆ ನಿಮ್ ಹೆಸ್ರು ಐತಲ್ಲ?”

ಕನ್ನಡಕ ಹಾಕಿ ನೋಡಿದೆ. ಕೊನೆಯ ಸಾಲಿನಲ್ಲಿ ನನ್ನ ಹೆಸರು, ಹಳೇಬೀಡು. ತಮ್ಮ ‘ಬರ’ ಒತ್ತುತ್ತಾನೆ, ಪ್ರಿಂಟ್ ಕೊಡುತ್ತಾನೆ. ಓದಿ ನೋಡುವ ಅಭ್ಯಾಸ ಅವನಿಗೆ ಎಂದೂ ಇರಲಿಲ್ಲ. ಅವನ ತಪ್ಪುಗಳೆಲ್ಲ ಈಗ ನನ್ನ ಹೆಸರು ಹೊತ್ತು ಊರೂರು ತಿರುಗುತ್ತಿವೆ.

ಅವರನ್ನು ಜಗಲಿಯ ಮೇಲೆ ಕೂರಿಸಿ, ಕಾಫಿ ಕೊಡಿಸಿ, ಅರ್ಜಿಯನ್ನು ಕೈಯಲ್ಲೇ ಹೊಸದಾಗಿ ಬರೆದುಕೊಟ್ಟೆ. ಹೋಗುವಾಗ ಅವರು, “ಅಂಗಡೀಗ್ ಒಂದ್ ಫೋನ್ ಮಾಡಿ ಹೇಳ್ಬಾರ್ದಾ?” ಎಂದರು.

ಹೇಳಿಲ್ಲ. ಹೇಳಿದರೆ ಆ ಹೆಸರನ್ನೂ ಅಳಿಸುತ್ತಾನೆ.