ಹೊಗೆ ಉಂಡ ಸೂರು

ನನ್ನ ಸೋದರತ್ತೆಯ ಬಲಗೈ ಗೆಣ್ಣುಗಳು ಸದಾ ಕಪ್ಪಗಿರುತ್ತಿದ್ದವು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಕೂರುವ ಮೊದಲು ಕೈಯೆತ್ತಿ ಸೂರಿನ ಬಿದಿರ ಗಳವನ್ನು ಬಾಗಿಲು ತಟ್ಟಿದ ಹಾಗೆ ತಟ್ಟುವಳು. ಠಣ್ ಎಂದರೆ ಕೂರುವಳು. ಬೊದ್ ಎಂದರೆ, "ನಿಮ್ಮನೇಲಿ ಒಲೆ ಸರಿಯಾಗಿ ಉರಿಯಕ್ಕಿಲ್ವಾ?" ಎಂದು ಕೇಳಿಯೇ ಬಿಡುವಳು. ನನ್ನನ್ನು ಕೊಡಬೇಕೆಂದು ಮಾತಿಗೆ ಹೋದ ಮನೆಯಲ್ಲೂ ಹೀಗೇ ಕೇಳಿ ಆ ಸಂಬಂಧ ಮುರಿದುಬಿತ್ತು. ಆ ಹುಡುಗ ಆಮೇಲೆ ಕುಡಿದು ಹಾಳಾದ. ಅದು ಬೇರೆ ಮಾತು.

ಅತ್ತೆಗೆ ಮಕ್ಕಳಿರಲಿಲ್ಲ, ಗಂಡ ಬೇಗ ಹೋದ. ಗಂಡನ ಊರಾದ ಮರಕ್ಕಡವಿನಲ್ಲಿ ಪಾಲಿಗೆ ಬಂದ ಚೂರು ಗದ್ದೆಯನ್ನು ಮೈದುನರಿಗೇ ಬಿಟ್ಟುಕೊಟ್ಟು, ಅದರ ಬದಲಿಗೆ ಬಂದ ದುಡ್ಡಿನಲ್ಲಿ ಮಾನಂದವಾಡಿಯ ಅಂಚಿನಲ್ಲಿ ಮೂರು ಕೋಣೆಗಳ ಒಂದು ಸಾಲುಮನೆ ಕೊಂಡಳು. ಅದರ ಬಾಡಿಗೆಯಲ್ಲೇ ಅವಳ ಗಂಜಿ. ಅದು ಬಿಟ್ಟರೆ ಅವಳಿಗೆ ಭೂಮಿಯ ಮೇಲೆ ಏನೂ ಇರಲಿಲ್ಲ. ಮದುವೆಯಾಗುವವರೆಗೆ ನಾನು ಅವಳ ಜೊತೆ, ಅದೇ ಬೀದಿಯ ತುದಿಯ ಒಂದು ಬಿಡಾರದಲ್ಲಿ ಇದ್ದೆ. ಮೂರನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಮಿಕ್ಕಿದ್ದನ್ನೆಲ್ಲ ಕಲಿತದ್ದು ಆ ಸಾಲುಮನೆಯಲ್ಲಿ.

ಆ ಮನೆ ಮಾರುವವನು ಬೇಸಿಗೆಯಲ್ಲೇ ಬಂದು ನೋಡಿ ಎಂದು ಕರೆದಿದ್ದ. ಇವಳು ಕರ್ಕಟಕ ತಿಂಗಳ ಜಡಿಮಳೆ ಹುಯ್ಯುವವರೆಗೆ ಕಾದು, ತಲೆಗೆ ಎಲೆಯ ಗೊರಬೆ ಹಾಕಿಕೊಂಡು, ಹೇಳದೆ ಕೇಳದೆ ಹೋಗಿ ನಿಂತಳು. "ಮಾರೋನು ಬಿಸಿಲಲ್ಲಿ ಕರೀತಾನೆ ಕಣಮ್ಮಿ, ಕೊಳ್ಳೋಳು ಮಳೇಲಿ ಹೋಗ್ಬೇಕು." ಗೋಡೆಯ ಬುಡಕ್ಕೆ ಮುಂಗೈ ಇಟ್ಟು ತೇವ ನೋಡಿದಳು. ಕೆಲಸ ಮಾಡಿ ಮರಗಟ್ಟಿದ ಅಂಗೈಗೆ ತೇವ ಗೊತ್ತಾಗುವುದಿಲ್ಲವಂತೆ. ಬಾವಿಯ ನೀರು ಕುಡಿದಳು, ಪಕ್ಕದ ಮನೆಯವಳ ಜೊತೆ ಎಲೆ ಅಡಿಕೆ ಹಾಕಿದಳು, ಆಮೇಲೆ ಗಳ ತಟ್ಟಿದಳು. ಅಷ್ಟಾದ ಮೇಲೇ ಬೆಲೆಯ ಮಾತು.

ಬಾಡಿಗೆಗೆ ಬರುವವರಿಗೂ ಅವಳದ್ದೇ ಪರೀಕ್ಷೆ. "ಬರೋನ ಮಾತು ಕೇಳ್ಬ್ಯಾಡ, ಅವನ ಗಡಿಗೆ ತಳ ನೋಡು." ತಳ ಕಪ್ಪಗಿದ್ದರೆ ಆ ಮನೆಯಲ್ಲಿ ದಿನಾ ಅಡುಗೆಯಾಗುತ್ತದೆ. ದಿನಾ ಅಡುಗೆಯಾದರೆ ದಿನಾ ಹೊಗೆ. ಬಿದಿರು ಹೊಗೆ ಕುಡಿದಷ್ಟೂ ಗಟ್ಟಿ. ಹೊಗೆ ಇಲ್ಲದ ಬಿದಿರನ್ನು ಕುಟ್ಟೆಹುಳ ಒಳಗೊಳಗೇ ತಿಂದು ಹುಡಿ ಮಾಡುತ್ತದೆ. ಅದಕ್ಕೇ ಬೀಗದ ಕೈ ಕೊಡುವ ದಿನ ತಾನೇ ಒಳಗೆ ಹೋಗಿ ಒಲೆ ಹಚ್ಚಿ, ಹಾಲುಕ್ಕಿಸಿ, ಉರಿಯುವ ಒಲೆಯನ್ನೇ ಅವರಿಗೆ ಒಪ್ಪಿಸುತ್ತಿದ್ದಳು. ನಮ್ಮ ಕಡೆಯ ಕ್ರಮ ಅದು. ಮೊದಲ ಬೆಂಕಿ ಮನೆಯ ಒಡತಿಯದ್ದು, ಆಮೇಲೆ ಅದನ್ನು ಆರಿಸದೆ ಕಾಯುವುದು ಇರುವವರದ್ದು.

ಆಗ ವಯನಾಡು ಹೊಸ ಜಿಲ್ಲೆಯಾಯಿತು. ದೊಡ್ಡ ಆಫೀಸುಗಳು ಕಲ್ಪೆಟ್ಟಕ್ಕೆ ಹೋದವು, ಚಿಲ್ಲರೆಯವು ನಮ್ಮ ಕಡೆಗೂ ಬಂದವು. ಎಲ್ಲರ ಬಾಯಲ್ಲೂ ಜಿಲ್ಲೆ, ಜಿಲ್ಲೆ. ಹಂದಿಗೂಡಿನಂಥ ಕೋಣೆಯವರೂ ಬೋರ್ಡು ಹಾಕುವ ಆಫೀಸರುಗಳಿಗೆ, ನಮ್ಮ ಕಡೆಯ ಬಾಯಲ್ಲಿ ಸಾರುಗಳಿಗೆ, ಕಾದು ಕೂತರು. ಅತ್ತೆಯ ಬಾಗಿಲಿಗೂ ಒಬ್ಬ ಸಾರು ಬಂದ. ಯಾವ ಇಲಾಖೆಯೋ ನನಗೆ ಇವತ್ತಿಗೂ ತಿಳಿಯದು. ಮೂರು ಕೋಣೆಯೂ ಬೇಕು, ಸರ್ಕಾರದ ಬಾಡಿಗೆ, ತಪ್ಪುವ ಮಾತಿಲ್ಲ ಎಂದ.

ಮೂರೂ ಕೋಣೆ ಒಬ್ಬನ ಕೈಗೆ ಕೊಡಬಾರದು ಎಂದು ನನಗೆ ಕಲಿಸಿದವಳೇ ಅವಳು. ನಾನು ಅದನ್ನೇ ಹೇಳಿದೆ.

"ಸರ್ಕಾರ ಒಬ್ಬನಾ? ಸರ್ಕಾರ ಸಾಯ್ತದಾ?" ಎಂದಳು.

"ಸಾಯಕ್ಕಿಲ್ಲ. ಎದ್ದು ಹೋಗ್ತದೆ."

"ನಿನ್ ಬಾಯಿಗೆ ಬೂದಿ ಬೀಳ!"

ಅವಳಿಗೂ ಸಾಕಾಗಿತ್ತು. ಬಾವಿಕಟ್ಟೆಯ ಜಗಳ, ಕುಡಿದು ಬಾಗಿಲು ಒದೆಯುವ ಗಂಡಸರು, ಬಾಡಿಗೆ ಕೇಳಲು ಹೋದರೆ ಮುಖ ತಿರುಗಿಸುವವರು. ಆಫೀಸು ಬಂದರೆ ಇದೆಲ್ಲ ಇರುವುದಿಲ್ಲ ಎಂಬ ಆಸೆ. ಇದ್ದವರಿಗೆ ಬಿಡಲು ಹೇಳಿದಳು. ನಡುವಿನ ಕೋಣೆಯ ಟೈಲರನ ಹೆಂಡತಿ ಎಚ್.ಡಿ. ಕೋಟೆ ಕಡೆಯವಳು, ಬಾಯಿ ಜೋರು. ಸಾಮಾನು ಹೊರಗಿಡುತ್ತಲೇ ಅಂದಳು: "ಇಷ್ಟು ವರ್ಷ ನಾವು ಕಣ್ಣೀರು ಸುರಿಸ್ಕೊಂಡು ನಿನ್ ಸೂರಿಗೆ ಹೊಗೆ ಉಣಿಸಿದ್ವಿ ಕಣವ್ವ. ಇನ್ನೇನು, ಆಫೀಸಿನೋರು ಸಿಗರೇಟು ಸೇದಿ ಸೂರು ಕಾಯ್ತಾರಾ?"

ಅತ್ತೆ ಒಳಗೆ ಹೋಗಿ ಮೂರೂ ಒಲೆ ಹಚ್ಚಿದಳು. ಹಾಲುಕ್ಕುವಾಗ ಬಂದ ಸಾರು ಮೂಗಿಗೆ ಕರವಸ್ತ್ರ ಹಿಡಿದು, "ಅಮ್ಮಚ್ಚೀ, ಇದು ಆಫೀಸು, ಚಾಯಂಗಡಿ ಅಲ್ಲ" ಎಂದು ನಗುತ್ತ ಹೊರಗೆ ನಿಂತ. ಅವತ್ತೇ ಜವಾನ ನೀರು ಸುರಿದು ಒಲೆ ಆರಿಸಿದ. ವಾರದೊಳಗೆ ಒಲೆಯ ಮೇಲೆ ಕಡತದ ಕಟ್ಟುಗಳು ಕೂತವು.

ಬಾಡಿಗೆ ಸರಿಯಾಗಿಯೇ ಬಂತು. ಅದರಲ್ಲಿ ಸುಳ್ಳಿಲ್ಲ. ಆದರೆ ಅತ್ತೆಗೆ ನಿದ್ದೆ ಹೋಯಿತು. ಆಫೀಸು ಮುಚ್ಚುವ ಹೊತ್ತಿಗೆ ಮಡಕೆಯಲ್ಲಿ ಕೆಂಡ ಹಿಡಿದು ಹೋಗಿ ನಿಲ್ಲುವಳು.

"ಸಾರೇ, ಒಂದ್ ಗಳಿಗೆ. ಮೂಲೇಲಿ ಹಸೀ ಸೊಪ್ಪು ಹಾಕಿ ಹೊಗೆ ಕೊಟ್ಟು ಹೋಯ್ತೀನಿ."

"ಪಟ್ಟಿಲ್ಲ ಅಮ್ಮಚ್ಚೀ, ಪಟ್ಟಿಲ್ಲ. ಎಲ್ಲಾ ಕಾಗದ. ಹೊತ್ತಿಕೊಂಡರೆ ನನ್ನ ಕೆಲಸ ಹೋಗುತ್ತದೆ."

ಪಟ್ಟಿಲ್ಲ ಎಂದರೆ ಆಗದು, ಅಷ್ಟೇ. ಅವನ ಮಾತೂ ತಪ್ಪಲ್ಲ. ಅತ್ತೆ ಕೆಂಡದ ಮಡಕೆ ಹಿಡಿದು ವಾಪಸು ಬರುವಳು. ದಾರಿಯಲ್ಲಿ ಜನ ನಗುವರು.

ಎರಡು ಮಳೆಗಾಲ ಹೋದ ಮೇಲೆ ಹುಡಿ ಉದುರತೊಡಗಿತು. ಅಕ್ಕಿಹಿಟ್ಟಿನ ಹಾಗೆ ಬೆಳ್ಳಗೆ, ಕಡತದ ಮೇಲೆ, ಸಾರಿನ ತಲೆಯ ಮೇಲೆ. ಆಗ ಅವನೇ ಕೂಗಿದ: ಸೂರು ಸರಿ ಮಾಡಿಸಿ, ಇಲ್ಲವಾದರೆ ಹೋಗುತ್ತೇವೆ. ಅತ್ತೆ ಗಳ ತಟ್ಟಿದಳು. ಗೆಣ್ಣು ಒಳಕ್ಕೇ ಹೋಯಿತು. ಅಷ್ಟೂ ಬಿದಿರು ಬದಲಿಸುವ ಶಕ್ತಿ ಅವಳಿಗೆಲ್ಲಿಂದ ಬರಬೇಕು? ಆಫೀಸು ಸ್ವಂತ ಕಟ್ಟಡಕ್ಕೆ ಹೋಯಿತು. ಮರುವರ್ಷದ ಮಳೆಗೆ ಹಂಚು ಸಮೇತ ಸೂರು ಕುಸಿಯಿತು. ಟೈಲರನ ಹೆಂಡತಿ ಬಂದು ನೋಡಿದಳು. ನಗುತ್ತಾಳೆ ಅಂದುಕೊಂಡೆ. ಸೆರಗು ಬಾಯಿಗೆ ಒತ್ತಿಕೊಂಡು ಹೋದಳು.

ಜಾಗ ಕೊಂಡವನು ಕಾಂಕ್ರೀಟಿನ ಅಂಗಡಿ ಎಬ್ಬಿಸಿದ. ಜಾಗ ಮಾರಿದ ದುಡ್ಡು ಮುಗಿದ ಮೇಲೆ ಅತ್ತೆ ಒಂದು ಟ್ರಂಕು ಹಿಡಿದು ಪೆರಿಕಲ್ಲೂರಿಗೆ, ನನ್ನಲ್ಲಿಗೆ ಬಂದಳು. ಅಷ್ಟರಲ್ಲಿ ನನಗೆ ಮದುವೆಯಾಗಿ, ಹೊಳೆಯ ಕಡವಿನ ಹತ್ತಿರ ಮನೆಯ ಹಿಂದಿನ ಇಳಿಜಾರಿನಲ್ಲಿ ಬಾಡಿಗೆಗೆಂದು ಬಿದಿರ ಸೂರಿನ ಒಂದು ಕೋಣೆ ಕಟ್ಟಿಸಿದ್ದೆ. ಒಳಗೆ ಬಾ ಎಂದರೆ ಬರಲಿಲ್ಲ. "ಅಣ್ಣನ ಮಗಳ ಮನೇಲಿ ಬಿಟ್ಟಿ ಕೂರೋಳಲ್ಲ ನಾನು. ಕೋಣೆ ಕೊಡು."

ನಾನೇ ಒಲೆ ಹಚ್ಚಿದೆ, ಹಾಲುಕ್ಕಿಸಿದೆ. ಅವಳು ಹೊಸ್ತಿಲಾಚೆ ನಿಂತು ನೋಡಿದಳು. ಆಮೇಲೆ ಒಳಗೆ ಬಂದು ಗಳ ತಟ್ಟಿ, "ಹ್ಞೂಂ" ಎಂದಳು. ಅಷ್ಟೇ.

ಕೊನೆಗಾಲದಲ್ಲಿ ಅವಳಿಗೆ ಅನ್ನ ನನ್ನ ಮನೆಯಿಂದಲೇ ಹೋಗುತ್ತಿತ್ತು. ಆದರೂ ತೆವಳಿಕೊಂಡು ಹೋಗಿ ಬರೀ ಒಲೆ ಉರಿಸುವಳು. ಮೇಲೆ ಗಡಿಗೆ ಇಲ್ಲ, ಕೆಳಗೆ ಬೆಂಕಿ. ಮೊದಲೇ ಕೆಮ್ಮು, ಅದರಲ್ಲಿ ಹೊಗೆ. ನಾನು ಬೈದೆ: "ಯಾಕತ್ತೆ, ಸಾಯ್ಬೇಕಾ?"

"ಸೂರು ನಿಂದು ಕಣಮ್ಮಿ. ಕೊಡಾಕೆ ನನ್ನತ್ರ ಇನ್ನೇನದೆ? ಇದ್ನೇ ಬಾಡಿಗೆ ಅಂತ ತಿಳ್ಕೊ."

ಒಲೆಯ ಮುಂದೆಯೇ ಸತ್ತಳು. ನಾನು ನೋಡುವಾಗ ಬೂದಿ ಇನ್ನೂ ಬಿಸಿ ಇತ್ತು.

ಆಮೇಲೆ ಮುಂದುಗಡೆ ಎರಡು ಕಾಂಕ್ರೀಟಿನ ಕೋಣೆ ಕಟ್ಟಿಸಿದೆ. ಮರಳು ಕೊಳ್ಳುವ ಮೊದಲು ಅವಳ ಹಾಗೆ ಮಳೆಯಲ್ಲೇ ಹೋಗಿ ನೋಡಿದೆ, ಇಬ್ಬರಿಗೆ ಬೇರೆ ಬೇರೆ ಕೊಟ್ಟೆ. ಅವಳು ಹೇಳಿದ್ದರಿಂದಲೇ ನನ್ನ ಹೊಟ್ಟೆ ನಡೆಯುತ್ತಿದೆ. ಆದರೆ ಬರುವವರೆಲ್ಲ ಗ್ಯಾಸು ಹೊತ್ತುಕೊಂಡೇ ಬರುತ್ತಾರೆ. ಹಿಂದಿನ ಕಪ್ಪು ಕೋಣೆ ತೋರಿಸಿದರೆ ಮೂಗು ಮುಚ್ಚುತ್ತಾರೆ. ನನ್ನ ಮೊಣಕಾಲಿಗೆ ಆ ಇಳಿಜಾರು ದಿನಾ ಇಳಿಯಲಾಗದು. ಆ ಒಲೆ ಹಚ್ಚುವವರು ಇನ್ನು ಯಾರೂ ಇಲ್ಲ.

ಮೊನ್ನೆ ಕೋಲೂರಿಕೊಂಡು ಹೋಗಿ ಗಳ ತಟ್ಟಿದೆ. ಹುಡಿ ಉದುರಿ ಕಣ್ಣಿಗೆ ಬಿತ್ತು. ಅವಳು ಹೊಗೆಯಲ್ಲಿ ಕೊಟ್ಟ ಬಾಡಿಗೆ ಅಲ್ಲಿಯವರೆಗೆ ಬಂದು ತೀರಿತ್ತು.